ಸೋತ ವಕೀಲನ ಮಾತು

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬೆಳೆದ ಸೋನಿಯಾ ಸೊಟೊಮಯೋರ್ ಎಂಬ ಹುಡುಗಿಗೆ ಪತ್ತೇದಾರಳಾಗುವ ಆಸೆ. ನ್ಯಾನ್ಸಿ ಡ್ರೂ ಎಂಬ ಪತ್ತೇದಾರ ಹುಡುಗಿಯ ಕತೆಗಳು ಹುಟ್ಟಿಸಿದ ಆಸೆ ಅದು. ಎಳವೆಯಲ್ಲೇ ಸಕ್ಕರೆ ಕಾಯಿಲೆ ಬಂತು. ಈ ಕಾಯಿಲೆ ಇದ್ದವರಿಗೆ ಆ ಕೆಲಸ ಆಗದು ಎಂಬ ಮಾತು ಕಿವಿಗೆ ಬಿತ್ತು. ಆಗ ಅವಳ ಕೈಹಿಡಿದದ್ದು ಟಿವಿಯ 'ಪೆರಿ ಮೇಸನ್'.

1957ರಿಂದ 1966ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ಈ ಧಾರಾವಾಹಿಯಲ್ಲಿ ಹೆಚ್ಚುಕಡಿಮೆ ಪ್ರತಿ ಸಲವೂ ಗೆಲ್ಲುವವನು ವಕೀಲ ಮೇಸನ್. ನೋಡುಗರ ಕಣ್ಣೆಲ್ಲ ಅವನ ಪಾಟೀಸವಾಲಿನ ಮೇಲೆ. ಈ ಹುಡುಗಿಯ ಮನಸ್ಸು ಹೋಗಿ ನಿಂತದ್ದು, ಒಂದು ಕಂತಿನ ಕೊನೆಯಲ್ಲಿ ಸೋತ ಸರ್ಕಾರಿ ವಕೀಲನ ಬಳಿ. ತಪ್ಪಿತಸ್ಥನಿಗೆ ಶಿಕ್ಷೆಯಾದಾಗ ನ್ಯಾಯ ಸಿಕ್ಕಂತೆ, ನಿರಪರಾಧಿಗೆ ಶಿಕ್ಷೆ ತಪ್ಪಿದಾಗಲೂ ನ್ಯಾಯ ಸಿಕ್ಕಂತೆ, ತನ್ನ ಕೆಲಸವೇ ಅದು ಎಂಬ ಅರ್ಥದ ಮಾತನ್ನು ಅವನು ಆಡುತ್ತಾನೆ. ಮೊಕದ್ದಮೆ ವಜಾ ಮಾಡುವ ಅಧಿಕಾರ ನ್ಯಾಯಾಧೀಶರದು ಎಂಬುದನ್ನೂ ಅವಳು ಗಮನಿಸಿದಳು.

ಎಂಥ ಸೂಕ್ಷ್ಮ ನೋಟ! ಗೆದ್ದವನಿಗೆ ಚಪ್ಪಾಳೆ ತಟ್ಟುವ ವಯಸ್ಸಿನಲ್ಲಿ ಸೋತವನ ಘನತೆ ಕಾಣುವುದು ಸಣ್ಣ ಮಾತಲ್ಲ.

1979ರಲ್ಲಿ ಸೋನಿಯಾ ಮ್ಯಾನ್‌ಹಟನ್‌ನಲ್ಲಿ ಸರ್ಕಾರಿ ವಕೀಲರಾಗಿಯೇ ವೃತ್ತಿ ಆರಂಭಿಸಿದರು. 1992ರಲ್ಲಿ ಫೆಡರಲ್ ನ್ಯಾಯಾಧೀಶರಾದರು. 2009ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೇಮಕಕ್ಕಾಗಿ ಸೆನೆಟ್ ಸಮಿತಿಯ ಪ್ರಶ್ನೆಗಳನ್ನು ಎದುರಿಸುವಾಗ, ಆ ಕಂತಿನ ನೆನಪನ್ನು ಎಲ್ಲರ ಮುಂದೆ ಹೇಳಿಕೊಂಡರು. ಮೇಸನ್ ಸೋತ ಪ್ರಕರಣ ಯಾವುದೆಂದು ಸೆನೆಟರ್ ಆಲ್ ಫ್ರಾಂಕನ್ ಕೇಳಿದಾಗ ಅವರಿಗೆ ಹೊಳೆಯಲಿಲ್ಲ. ಆಗಸ್ಟ್‌ನಲ್ಲಿ, ಪೋರ್ಟೊರಿಕೊ ಮೂಲದ ಈ ಮಹಿಳೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ಪ್ರಮಾಣವಚನ ಸ್ವೀಕರಿಸಿದರು.