ಹೊರಗೆ ಕನ್ನಡ ಬೋರ್ಡು, ಒಳಗೆ ಇಂಗ್ಲಿಷ್ ಮೆನು!

(ಯಲಹಂಕದ ಯುವಕರ ಸಭೆಯಲ್ಲಿ ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಇಳಿದವನು. ಯಲಹಂಕ, ಹೆಬ್ಬಾಳದ ಎಷ್ಟೋ ಹೋಟೆಲುಗಳಿಗೆ ಮೆನು ಕಾರ್ಡು ಅಚ್ಚು ಹಾಕಿದ್ದೇನೆ. 2020ರಲ್ಲಿ ಕೊರೊನಾ ಬಂತು, ಕಾರ್ಡು ಹೋಗಿ ಮೇಜಿನ ಮೇಲೆ ಕ್ಯೂಆರ್ ಕೋಡ್ ಬಂತು. ನನ್ನ ಹೊಟ್ಟೆಗೆ ಹೊಡೆತ ಬಿತ್ತು, ನಿಜ. ಇವತ್ತಿನ ಮಾತು ಅದಲ್ಲ.

ಮೊನ್ನೆ ದೊಡ್ಡಬಳ್ಳಾಪುರದಿಂದ ಬಂದ ನಮ್ಮ ದೊಡ್ಡಪ್ಪನನ್ನು ಒಂದು ಹೋಟೆಲಿಗೆ ಕರೆದುಕೊಂಡು ಹೋದೆ. ಹೊರಗೆ ಬೋರ್ಡಿನಲ್ಲಿ ದೊಡ್ಡ ಕನ್ನಡ. 2024ರ ಕಾಯ್ದೆ ಶೇಕಡಾ 60 ಕೇಳುತ್ತದಲ್ಲ! ಒಳಗೆ ಕೋಡಿಗೆ ಮೊಬೈಲ್ ಹಿಡಿದರೆ ಬರೀ ಇಂಗ್ಲಿಷ್. ದಿನಾ ಕನ್ನಡ ಪೇಪರ್ ಓದುವ ಮನುಷ್ಯ, ಮೊಬೈಲನ್ನು ನನ್ನ ಕೈಗಿಟ್ಟು, “ನೀನೇ ಏನಾದ್ರೂ ಹೇಳ್ಬಿಡಪ್ಪ” ಅಂದರು. ಉಪ್ಪಿಟ್ಟು ಅನ್ನೋದನ್ನೂ ಓದಲಾಗದಿದ್ದರೆ ಈ ಸೌಕರ್ಯ ಯಾರಿಗೆ ಸ್ವಾಮಿ?

ಮಾಲೀಕರು, “ಮೊಬೈಲಲ್ಲಿ ಕನ್ನಡ ಕೆಟ್ಟುಹೋಗುತ್ತೆ ಸಾರ್” ಅಂದರು. ನಾನು ಹಿಂದೆ ಕಂಪೋಸ್ ಮಾಡಿಕೊಟ್ಟ ಫೈಲನ್ನೇ ಹಾಕಿ ನೋಡಿದ್ದರಂತೆ. ಅದು ಹಳೇ ನುಡಿ ಫಾಂಟು. ಅದರಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂತಿರುತ್ತದೆ. ಆ ಫಾಂಟಿಲ್ಲದ ಮೊಬೈಲಿನಲ್ಲಿ ಕಸದಂತೆ ಕಾಣುತ್ತದೆ. ಯುನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಜಾಗವಿದೆ. ಬದಲಾಯಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ನಾನೇ ಕೂತು ಬದಲಾಯಿಸಿಕೊಟ್ಟೆ. ಒತ್ತು, ದೀರ್ಘ ಒಂದಷ್ಟು ತಿದ್ದಬೇಕಾಯಿತು. ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಕಷ್ಟ ಇದ್ದದ್ದು ಇಷ್ಟೇ!

ಹೋಟೆಲಿನಲ್ಲಿ ಕೂತಾಗ ಗಲಾಟೆ ಬೇಡ, “ಕನ್ನಡ ಮೆನು ತೋರಿಸಿ” ಅನ್ನಿ. ಇಲ್ಲ ಅಂದರೆ ಫೈಲು ನನಗೆ ಕಳಿಸಲಿ, ಬಿಟ್ಟಿ ಮಾಡಿಕೊಡುತ್ತೇನೆ. ಮೊಬೈಲ್ ಇಲ್ಲದವರಿಗೆ ಅಚ್ಚಾದ ಕಾರ್ಡೂ ನಾಲ್ಕಿರಲಿ. ಅದಕ್ಕೆ ಮಾತ್ರ ದುಡ್ಡು ತಗೋತೀನಿ!