ಪಕ್ಕದ ಸೈಟಿಗೂ ಒಂದು ಮಾತು ಹೇಳಿ
(ಕೂಟದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಕಟ್ಟಡದ ಕೆಲಸದವನು. ಸಭೆಯಲ್ಲಿರುವ ಸಾಫ್ಟ್‌ವೇರಿನವರು, ಆಸ್ಪತ್ರೆಯವರು ಸ್ವಲ್ಪ ಹೊತ್ತು ಸಹಿಸಿಕೊಳ್ಳಬೇಕು. ಇವತ್ತು ನನ್ನ ವಿಷಯ ಡಿಗ್ಗರು, ಡೀಸೆಲ್ಲು, ತಾಮ್ರದ ಕೇಬಲ್ಲು, ಡ್ರಿಲ್ ಮಿಷನ್ನು. ಅಂದರೆ ಅವುಗಳನ್ನು ಕದಿಯುವವರು. ಮೊದಲೆಲ್ಲ ನಮ್ಮ ಕೂಟದಲ್ಲಿ ಸೈಟಿನ ಕೆಲಸದವರು ಬೆರಳೆಣಿಕೆಯಷ್ಟು. ಈಗ ಎಲೆಕ್ಟ್ರಿಷಿಯನ್‌ಗಳಿದ್ದಾರೆ, ಸೈಟ್ ಎಂಜಿನಿಯರ್‌ಗಳಿದ್ದಾರೆ, ಕ್ವಾಂಟಿಟಿ ಸರ್ವೇಯರ್‌ಗಳಿದ್ದಾರೆ, ಸ್ವಂತ ವ್ಯಾನ್ ಇಟ್ಟುಕೊಂಡು ಪ್ಲಂಬಿಂಗ್ ಮಾಡುವ ಹುಡುಗರಿದ್ದಾರೆ. ಊಟದ ಮೇಜಿನಲ್ಲಿ ಯಾರ ಪಕ್ಕ ಕೂತರೂ ಒಂದೇ ಕಥೆ: ‘ನಮ್ಮ ಸೈಟಿನಲ್ಲೂ ಹೋಯ್ತು ಸಾರ್’. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ನಮ್ಮೂರಲ್ಲಿ ಮಣ್ಣು ಅಗೆಯುವ ಯಾವ ಯಂತ್ರ ಬಂದರೂ ಅದು ‘ಜೆಸಿಬಿ’. ಯಾವ ಕಂಪನಿಯದ್ದು ಅಂತ ಯಾರೂ ಕೇಳುವುದಿಲ್ಲ. ಆ ಹೆಸರು ಹುಟ್ಟಿದ್ದು ಈ ದೇಶದಲ್ಲೇ, ಸ್ಟಾಫರ್ಡ್‌ಶೈರಿನಲ್ಲಿ. ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಅನ್ನುವವರು 1945ರಲ್ಲಿ ಶುರುಮಾಡಿದ ಕಂಪನಿ. ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಆಶ್ಚರ್ಯವಾಗಿದ್ದು ಯಂತ್ರ ನೋಡಿ ಅಲ್ಲ, ಕೀಲಿ ನೋಡಿ. ಹತ್ತಾರು ಸಾವಿರ ಪೌಂಡಿನ ಯಂತ್ರ; ಆದರೆ ಒಂದೇ ತಯಾರಕರ ಎಷ್ಟೋ ಯಂತ್ರಗಳಿಗೆ ಒಂದೇ ಕೀಲಿ. ಬಾಡಿಗೆ ಕಂಪನಿಗಳಿಗೆ, ಡ್ರೈವರ್‌ಗಳಿಗೆ ಅನುಕೂಲ ಅಂತ ವರ್ಷಗಟ್ಟಲೆ ಹಾಗೇ ನಡೆದುಕೊಂಡು ಬಂತು. ಕಳ್ಳನಿಗೂ ಅಷ್ಟೇ ಅನುಕೂಲ. ಕಾರಿಗಾದರೆ ನಂಬರ್ ಪ್ಲೇಟ್ ಇರುತ್ತದೆ, ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿ ಒಂದು ನಿಮಿಷದಲ್ಲಿ ಯಾರದ್ದು ಅಂತ ಹೇಳುತ್ತಾರೆ. ಸೈಟಿನೊಳಗಷ್ಟೇ ಓಡಾಡುವ ಮಿನಿ ಡಿಗ್ಗರಿಗೆ ಅಂಥ ನೋಂದಣಿ ಕಡ್ಡಾಯ ಅಲ್ಲ. ರಾತ್ರಿ ಎರಡು ಗಂಟೆಗೆ ಟ್ರೇಲರ್ ಮೇಲೆ ಒಂದು ಡಿಗ್ಗರ್ ಹೋಗುತ್ತಿದ್ದರೆ, ಅದು ಕೆಲಸಕ್ಕೆ ಹೋಗುತ್ತಿದೆಯೋ ಕಳುವಾಗಿ ಹೋಗುತ್ತಿದೆಯೋ, ನೋಡಿದ ಪೊಲೀಸಿನವನಿಗೆ ಹೇಗೆ ಗೊತ್ತಾಗಬೇಕು?

ಡೀಸೆಲ್ ವಿಷಯವೂ ಹಾಗೇ. 2022ರ ಏಪ್ರಿಲ್ 1ರಿಂದ ಕಟ್ಟಡ ಕೆಲಸಕ್ಕೆ ತೆರಿಗೆ ರಿಯಾಯಿತಿಯ ಕೆಂಪು ಡೀಸೆಲ್ ಬಳಸುವಂತಿಲ್ಲ. ಸೈಟಿನ ಟ್ಯಾಂಕಿನಲ್ಲಿ ಈಗ ಇರೋದು ಎಲ್ಲರ ಲಾರಿಗೂ ಹಾಕಬಹುದಾದ ಬಿಳಿ ಡೀಸೆಲ್. ಕೆಂಪು ಬಣ್ಣ ಇದ್ದಾಗ ಸಿಕ್ಕಿಬೀಳುವ ಭಯವಾದರೂ ಇತ್ತು.

ಸರಿ, ಕದಿಯುವುದು ಸುಲಭ, ಅದು ಎಲ್ಲರಿಗೂ ಗೊತ್ತು. ನನ್ನ ಪ್ರಶ್ನೆ ಬೇರೆ. ಕಳುವಾದ ಮೇಲೆ ನಾವೇನು ಮಾಡುತ್ತೇವೆ? ಬಹಳ ಕಡೆ ಏನೂ ಮಾಡುವುದಿಲ್ಲ. ಬಾಯಿ ಮುಚ್ಚಿಕೊಂಡಿರುತ್ತೇವೆ. ಕಂಪನಿಯ ಲೆಕ್ಕ ಹೀಗಿರುತ್ತೆ: ವಿಮೆಗೆ ಹೇಳಿದರೆ ಮುಂದಿನ ವರ್ಷ ಕಂತು ಏರುತ್ತದೆ, ಕ್ಲೈಂಟಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ, ಪಕ್ಕದ ಸೈಟು ನಮ್ಮ ಪೈಪೋಟಿ ಕಂಪನಿಯದ್ದು, ಅವರ ಮುಂದೆ ಯಾಕೆ ಬಾಯಿಬಿಡೋದು. ಹೋಗಿದ್ದು ಬಾಡಿಗೆ ಯಂತ್ರವಾದರಂತೂ ‘ಅದು ಅವರ ತಲೆನೋವು’. ಇತ್ತ ಕಳ್ಳರಿಗೆ ಇಂಥ ಬಿಗುಮಾನ ಏನೂ ಇಲ್ಲ. ಅವರು ಯಾವ ಸೈಟಿನಲ್ಲಿ ಯಾವ ಬೇಲಿ ಸಡಿಲ, ಎಲ್ಲಿ ವಾಚ್‌ಮನ್ ನಿದ್ದೆ ಮಾಡ್ತಾನೆ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅವರಲ್ಲಿರುವ ಸಹಕಾರ ನಮ್ಮಲ್ಲಿಲ್ಲ.

ಈ ಮೌನದ ಬೆಲೆ ಯಾರು ಕೊಡುತ್ತಾರೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಕೆಲವು ವರ್ಷದ ಹಿಂದೆ ನಾನಿದ್ದ ಒಂದು ಸೈಟಿನಲ್ಲಿ ಶನಿವಾರ ರಾತ್ರಿ ತಾಮ್ರದ ಕೇಬಲ್ಲಿನ ಎರಡು ಡ್ರಮ್ ಮಾಯವಾದವು. ಬಾಗಿಲಿನ ಬೀಗ ಒಡೆದಿರಲಿಲ್ಲ, ಹಿಂದಿನ ಬೇಲಿಯ ಕ್ಲಿಪ್ ಬಿಚ್ಚಿದ್ದರು. ಸೋಮವಾರ ಬೆಳಿಗ್ಗೆ ಆಫೀಸಿನವರು ಮೊದಲು ಕರೆದಿದ್ದು ಯಾರನ್ನು? ಶನಿವಾರ ಕೊನೆಗೆ ಹೊರಟ ಇಬ್ಬರು ಹೆಲ್ಪರ್‌ಗಳನ್ನು. ಒಬ್ಬ ನಮ್ಮ ಕಡೆಯವನು, ಇನ್ನೊಬ್ಬ ರುಮೇನಿಯಾದವನು. ಪೊಲೀಸರಿಗೆ ಫೋನ್ ಮಾಡಲಿಲ್ಲ. ಇವರನ್ನೇ ಮೂರು ದಿನ ಒಳಗೆ ಕರೆದು ಕರೆದು ಕೇಳಿದರು. ಬ್ಯಾಗು ತೆಗೆಸಿದರು. ಯಾರೂ ‘ನೀನೇ ಕದ್ದೆ’ ಅನ್ನಲಿಲ್ಲ. ಆದರೆ ಕ್ಯಾಂಟೀನಿನಲ್ಲಿ ಅವರ ಮೇಜಿಗೆ ಯಾರೂ ಹೋಗಿ ಕೂರಲಿಲ್ಲ. ಎರಡು ವಾರದ ನಂತರ ಪಕ್ಕದ ರಸ್ತೆಯ ಸೈಟಿನ ಒಬ್ಬ ಫೋರ್‌ಮನ್ ಮಾತಿಗೆ ಮಾತು ಬಂದಾಗ ಹೇಳಿದ: ನಮ್ಮಲ್ಲಿ ಹೋದ ತಿಂಗಳೇ ಹೀಗೇ ಹೋಯ್ತು, ಶನಿವಾರ ರಾತ್ರಿ, ಹಿಂದಿನ ಬೇಲಿ, ಏಣಿ ಹೊತ್ತ ಒಂದು ಬಿಳಿ ವ್ಯಾನ್ ಕ್ಯಾಮೆರಾದಲ್ಲಿ ಬಿದ್ದಿದೆ. ಯಾಕೆ ಹೇಳಲಿಲ್ಲ ಅಂದರೆ, ‘ಮ್ಯಾನೇಜರ್ ಬೇಡ ಅಂದರು’ ಅಂದ. ಅಷ್ಟರಲ್ಲಿ ನಮ್ಮ ಹುಡುಗ ಕೆಲಸ ಬಿಟ್ಟು ಹೋಗಿ ಆಗಿತ್ತು.

ಆ ಕ್ಯಾಮೆರಾದ ಚಿತ್ರ ಒಂದು ತಿಂಗಳ ಮೊದಲು ನಮ್ಮ ಗೇಟಿಗೆ ಬಂದಿದ್ದರೆ, ಕೇಬಲ್ ಉಳಿಯುತ್ತಿತ್ತೋ ಇಲ್ಲವೋ, ಆ ಹುಡುಗನ ಮಾನ ಉಳಿಯುತ್ತಿತ್ತು. ಕಳ್ಳತನ ತಡೆಯುವ ಮಾತು ಬಂದಾಗೆಲ್ಲ ನಮ್ಮವರು ‘ಅದು ಮಾಲೀಕರ ವಿಷಯ, ನಮಗ್ಯಾಕೆ’ ಅಂತಾರೆ. ಲೆಕ್ಕ ಸರಿಯಿಲ್ಲದ ಸೈಟಿನಲ್ಲಿ ಅನುಮಾನ ಯಾವಾಗಲೂ ಕೆಳಗಡೆಗೇ ಹರಿಯುತ್ತದೆ. ಕೆಳಗಡೆ ನಿಂತಿರೋರು ನಾವು.

ಹಾಗಾದರೆ ಉದ್ಯಮದವರು ಕೈಜೋಡಿಸಿದ ಉದಾಹರಣೆಯೇ ಇಲ್ಲವಾ? ಇದೆ, ಒಳ್ಳೆಯದೇ ಇದೆ. 2007ರಲ್ಲಿ ಇಲ್ಲಿನ ಯಂತ್ರ ತಯಾರಕರ ಸಂಘವಾದ ಕನ್‌ಸ್ಟ್ರಕ್ಷನ್ ಇಕ್ವಿಪ್‌ಮೆಂಟ್ ಅಸೋಸಿಯೇಷನ್ ‘ಸೀಸರ್’ ಅನ್ನುವ ನೋಂದಣಿ ಯೋಜನೆ ತಂದಿತು. ನಡೆಸುವುದು ಡೇಟಾಟ್ಯಾಗ್ ಎಂಬ ಕಂಪನಿ. ನೀವು ಯಂತ್ರಗಳ ಮೇಲೆ ತ್ರಿಕೋನದ ಪುಟ್ಟ ಫಲಕ ನೋಡಿರುತ್ತೀರಿ, ಅದೇ ಇದು. ಕಿತ್ತರೆ ಕಿತ್ತಿದ್ದು ಗೊತ್ತಾಗುವ ಹಾಗೆ ಮಾಡಿದ್ದಾರೆ. ಫಲಕ ಕಿತ್ತರೂ ಒಳಗೆ ಎಲ್ಲೆಲ್ಲೋ ಅಡಗಿಸಿದ ಎಲೆಕ್ಟ್ರಾನಿಕ್ ಚಿಪ್ಪು, ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳು, ರಾಸಾಯನಿಕ ಗುರುತು ಇರುತ್ತವೆ. ಎಲ್ಲಕ್ಕಿಂತ ಮುಖ್ಯ ಎಂದರೆ ಹಗಲು ರಾತ್ರಿ ತೆರೆದಿರುವ ಒಂದು ಫೋನ್. ರಸ್ತೆಯಲ್ಲಿ ಅನುಮಾನ ಬಂದ ಪೊಲೀಸಿನವನು ಆ ಸಂಖ್ಯೆ ಓದಿ ಹೇಳಿದರೆ ಇದು ಯಾರದ್ದು ಅಂತ ಆಗಲೇ ಉತ್ತರ. ಇವತ್ತಿಗೆ ಐದು ಲಕ್ಷಕ್ಕೂ ಹೆಚ್ಚು ಯಂತ್ರಗಳು ಇದರಲ್ಲಿ ನೋಂದಾಯಿತವಾಗಿವೆ. ಜೆಸಿಬಿಯಂಥ ತಯಾರಕರು ಕಾರ್ಖಾನೆಯಲ್ಲೇ ಹಾಕಿ ಕಳಿಸುತ್ತಾರೆ, ಕೆಲವು ವಿಮೆ ಕಂಪನಿಗಳು ಇದಿದ್ದರೆ ಕಂತು ಕಡಿಮೆ ಮಾಡುತ್ತವೆ. ಒಬ್ಬರ ಮೇಲೊಬ್ಬರು ಪೈಪೋಟಿ ಮಾಡುವ ಕಂಪನಿಗಳು ಒಂದೇ ಪಟ್ಟಿಯಲ್ಲಿ ತಮ್ಮ ಯಂತ್ರ ಬರೆಸಲು ಒಪ್ಪಿದ್ದೇ ಇದರ ದೊಡ್ಡ ಕೆಲಸ. ತಂತ್ರಜ್ಞಾನ ಆಮೇಲಿನದು.

ನಮಗೆ ಇದು ಹೊಸದೇನಲ್ಲ. ಮದುವೆಗೆ ಕೊಡುವ ಸ್ಟೀಲ್ ಪಾತ್ರೆಗೆ ಅಂಗಡಿಯಲ್ಲೇ ಕೂತು ಹೆಸರು ಕೆತ್ತಿಸುತ್ತಿದ್ದೆವಲ್ಲ, ಡರ್ರ್ ಅಂತ ಸದ್ದು ಮಾಡುವ ಆ ಪುಟ್ಟ ಮಿಷನ್ನಿನಲ್ಲಿ? ಬೀದಿಯ ಯಾರ ಮನೆಯ ಪೂಜೆಗೆ ಹೋದ ಕೊಳಗವೂ ಸರಿಯಾದ ಮನೆಗೆ ವಾಪಸ್ ಬರುತ್ತಿತ್ತು. ಸೀಸರ್ ಅಂದರೆ ಅದೇ ಕೊಳಗದ ಹೆಸರು, ಸ್ವಲ್ಪ ದುಬಾರಿ.

ಇನ್ನು ತಾಮ್ರ. ಊರಲ್ಲಿ ಬೋರ್‌ವೆಲ್ ಮೋಟಾರಿನ ಕೇಬಲ್ ಕತ್ತರಿಸಿಕೊಂಡು ಹೋಗಿ ರೈತ ರಾತ್ರೋರಾತ್ರಿ ನೀರಿಲ್ಲದೆ ಕೂತದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಇಲ್ಲೂ ರೈಲು, ಟೆಲಿಫೋನ್, ವಿದ್ಯುತ್, ಕಟ್ಟಡ ಎಲ್ಲಕ್ಕೂ ಅದೇ ಗೋಳು. ಕದ್ದವನು ತಾಮ್ರ ತಿನ್ನುವುದಿಲ್ಲ, ಗುಜರಿಗೆ ಮಾರಬೇಕು. ಅದಕ್ಕೇ ಕಾನೂನು ಗುಜರಿಯ ಬಾಗಿಲಲ್ಲಿ ನಿಂತಿತು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2013ರ ಸ್ಕ್ರ್ಯಾಪ್ ಮೆಟಲ್ ಡೀಲರ್ಸ್ ಕಾಯ್ದೆಯಂತೆ ಗುಜರಿಯವರಿಗೆ ಲೈಸೆನ್ಸ್ ಬೇಕು, ಮಾರುವವನ ಗುರುತು ನೋಡಬೇಕು, ನಗದು ಕೊಡುವಂತಿಲ್ಲ. ಹಾಗಂತ ನಗದು ಕೊಡುವವರು ಪೂರ್ತಿ ಇಲ್ಲ ಅಂತ ನಾನು ಹೇಳಲಾರೆ. ನಿಮ್ಮ ಸೈಟಿನ ಉಳಿಕೆ ಕೇಬಲ್ ತುಂಡನ್ನು ‘ಕ್ಯಾಶ್ ಕೊಡ್ತೀನಿ’ ಅಂತ ಯಾರಾದರೂ ಕೇಳಿದರೆ ಆ ವ್ಯವಹಾರಕ್ಕೇ ಹೋಗಬೇಡಿ. ಉಳಿಕೆ ತುಂಡು ಕಂಪನಿಯದ್ದು, ಕಸದ ಸ್ಕಿಪ್ಪಿನಲ್ಲಿದ್ದರೂ ಕಂಪನಿಯದ್ದೇ.

2023ರ ಜುಲೈನಲ್ಲಿ ಇನ್ನೊಂದು ಕಾಯ್ದೆ ಬಂತು, ಸಲಕರಣೆ ಕಳವು ತಡೆಯುವುದಕ್ಕೇ ಅಂತ. ಮೊದಲ ಗುರಿ ರೈತರ ಕ್ವಾಡ್ ಬೈಕುಗಳು: ಹೊಸದನ್ನು ಮಾರುವಾಗ ಇಮ್ಮೊಬಿಲೈಸರ್ ಇರಬೇಕು, ಗುರುತು ಹಾಕಿರಬೇಕು, ಕೊಂಡವರ ವಿವರ ಬರೆದಿಡಬೇಕು ಎಂಬ ನಿಯಮ ಮಾಡಲು ಅದು ಅವಕಾಶ ಕೊಡುತ್ತದೆ. ಬೇರೆ ಸಲಕರಣೆಗಳಿಗೂ ವಿಸ್ತರಿಸುವ ಅಧಿಕಾರ ಸರ್ಕಾರಕ್ಕೆ ಅದರಲ್ಲಿದೆ. ಕಾಯ್ದೆ ಒಳ್ಳೆಯದೇ. ಆದರೆ ಕಾಯ್ದೆ ನಡೆಯುವ ವೇಗಕ್ಕೂ ಬಿಳಿ ವ್ಯಾನ್ ಓಡುವ ವೇಗಕ್ಕೂ ಹೋಲಿಕೆಯಿಲ್ಲ.

ಕಳ್ಳತನಕ್ಕಿಂತ ನನಗೆ ಹೆಚ್ಚು ಹೆದರಿಕೆ ಪುಂಡಾಟದ್ದು. ಬೇಸಿಗೆ ರಜೆ, ಒಂಬತ್ತೂವರೆವರೆಗೂ ಬೆಳಕು, ಸೈಟಿನಲ್ಲಿ ಯಾರೂ ಇಲ್ಲ. ಹುಡುಗರು ಬೇಲಿ ಹಾರುತ್ತಾರೆ. ಗಾಜು ಒಡೆದರೆ ಗಾಜಷ್ಟೇ. ಮೇಲಿನ ಮಹಡಿಯ ನಲ್ಲಿಯನ್ನು ತಿರುಗಿಸಿಟ್ಟು ಹೋದರೆ ಸೋಮವಾರದ ಹೊತ್ತಿಗೆ ಮೂರು ಮಹಡಿಯ ಪ್ಲಾಸ್ಟರ್‌ಬೋರ್ಡ್ ಕೆಳಗೆ. ಅದಕ್ಕಿಂತ ಕೆಟ್ಟದ್ದೂ ಆಗಬಹುದು: ಆ ಹುಡುಗನೇ ಸ್ಕ್ಯಾಫೋಲ್ಡಿಂಗಿನಿಂದ ಬೀಳಬಹುದು. ಸೈಟಿಗೆ ಬೇಲಿ, ಫಲಕ ಇರಬೇಕೆಂದು 2015ರ ಸಿ.ಡಿ.ಎಂ. ನಿಯಮಗಳು ಹೇಳುತ್ತವೆ. ಅನುಮತಿಯಿಲ್ಲದೆ ಒಳಬಂದವರ ಸುರಕ್ಷತೆಯ ಬಗ್ಗೆಯೂ ಜಾಗದ ಹೊಣೆಗಾರರಿಗೆ ಒಂದು ಮಟ್ಟದ ಕರ್ತವ್ಯ ಇದೆ ಅಂತ 1984ರ ಕಾಯ್ದೆಯೇ ಇದೆ. ಹಾಗಾಗಿ ಸಂಜೆ ಹೊರಡುವಾಗ ಏಣಿ ತೆಗೆದಿಡುವುದು, ಬೇಲಿಗೆ ಎರಡೆರಡು ಕ್ಲಿಪ್ ಹಾಕುವುದು, ನೀರಿನ ಮುಖ್ಯ ವಾಲ್ವ್ ಮುಚ್ಚುವುದು ಇವೆಲ್ಲ ಬರೀ ಮಾಲೀಕರ ಆಸ್ತಿ ಕಾಯುವ ಕೆಲಸ ಅಲ್ಲ. ನಾನು ಈಗಿರುವ ಕಡೆ ಕೆಲಸ ಶುರುವಾಗುವ ಮೊದಲು ಸುತ್ತಲಿನ ಮನೆಗಳಿಗೆ ಹೋಗಿ ರಾತ್ರಿಯ ಫೋನ್ ನಂಬರ್ ಕೊಟ್ಟು ಬಂದೆವು. ಎದುರು ಮನೆಯ ನಿವೃತ್ತ ಅಜ್ಜಿ ಒಬ್ಬರು ನಮ್ಮ ಕ್ಯಾಮೆರಾಕ್ಕಿಂತ ಚುರುಕು. ಎರಡು ಸಲ ಫೋನ್ ಮಾಡಿದ್ದಾರೆ. ಒಂದು ಸಲ ನರಿ, ಒಂದು ಸಲ ನಿಜವಾಗಿ ಹುಡುಗರು.

ಅದೇ ಬಡಾವಣೆಯಲ್ಲಿ ಐದು ಸೈಟಿನ ಮ್ಯಾನೇಜರ್‌ಗಳು ಸೇರಿ ಒಂದು ಫೋನ್ ಗುಂಪು ಮಾಡಿಕೊಂಡಿದ್ದೇವೆ. ಐದೂ ಬೇರೆ ಬೇರೆ ಕಂಪನಿ. ಟೆಂಡರಿನ ವಿಷಯ, ಸಂಬಳದ ವಿಷಯ ಅಲ್ಲಿ ಬರುವಂತಿಲ್ಲ. ಏನು ಹೋಯ್ತು, ಯಾವ ಹೊತ್ತಿಗೆ, ಎಲ್ಲಿಂದ ನುಗ್ಗಿದರು, ವಾಹನ ಯಾವುದು; ಅಷ್ಟೇ. ಪೊಲೀಸ್ ದೂರಿನ ಸಂಖ್ಯೆಯನ್ನೂ ಹಾಕುತ್ತೇವೆ. ಒಂದೊಂದು ದೂರು ಬೇರೆ ಬೇರೆ ಬಿದ್ದಿದ್ದರೆ ಅದು ಸಣ್ಣ ಕಳವು. ಐದು ದೂರಿನ ಸಂಖ್ಯೆ ಒಟ್ಟಿಗೆ ಕೊಟ್ಟಾಗ ಪೊಲೀಸರಿಗೂ ಇದೊಂದು ತಂಡ ಅಂತ ಕಾಣುತ್ತದೆ. ಶುರುವಿನಲ್ಲಿ ಒಬ್ಬರು ‘ಏಷ್ಯನ್ ಥರ ಕಾಣುವ ಇಬ್ಬರು ಗೇಟಿನ ಹತ್ತಿರ’ ಅಂತ ಹಾಕಿದರು. ಆ ಇಬ್ಬರು ಬಸ್ಸಿಗೆ ಕಾಯುತ್ತಿದ್ದವರು. ಆಗ ನಾನು ಅಲ್ಲೇ ಬರೆದೆ: ಇಲ್ಲಿ ವ್ಯಾನಿನ ಬಣ್ಣ ಬರೆಯಿರಿ, ಮನುಷ್ಯರ ಬಣ್ಣ ಬೇಡ. ಎಲ್ಲರೂ ಒಪ್ಪಿದರು. ಅನುಮಾನ ಇದ್ದ ಚಿತ್ರಗಳು ಈಗ ಗುಂಪಿಗೆ ಬರುವುದಿಲ್ಲ, ನೇರ ಪೊಲೀಸರಿಗೆ ಹೋಗುತ್ತವೆ.

ಈಗ ಸ್ವಂತ ವ್ಯಾನಿನವರಿಗೆ. ವ್ಯಾನಿನ ಬಾಗಿಲನ್ನು ಮೇಲಿನಿಂದ ಬಗ್ಗಿಸಿ ಎಳೆದು ಉಪಕರಣ ತೆಗೆಯುವುದಕ್ಕೆ ಅವರಿಗೆ ನಿಮಿಷವೂ ಬೇಡ. ಉಪಕರಣ ಹೋದರೆ ನಾಳೆಯ ಕೂಲಿಯೂ ಹೋಯ್ತು. ಎಷ್ಟೋ ವಿಮೆಯಲ್ಲಿ ರಾತ್ರಿ ವ್ಯಾನಿನೊಳಗೆ ಬಿಟ್ಟ ಉಪಕರಣಕ್ಕೆ ರಕ್ಷಣೆ ಇರುವುದಿಲ್ಲ, ಇವತ್ತೇ ಮನೆಗೆ ಹೋಗಿ ಆ ಸಣ್ಣ ಅಕ್ಷರ ಓದಿ. ಪ್ರತಿ ಉಪಕರಣದ ಸೀರಿಯಲ್ ನಂಬರಿನ ಫೋಟೊ ತೆಗೆದಿಡಿ. ‘ಇಮ್ಮೊಬಿಲೈಸ್’ ಎಂಬ ರಾಷ್ಟ್ರೀಯ ಆಸ್ತಿ ಪಟ್ಟಿಯಲ್ಲಿ ಉಚಿತವಾಗಿ ಬರೆಸಬಹುದು; ಸಿಕ್ಕ ಮಾಲು ಯಾರದ್ದು ಅಂತ ಪೊಲೀಸರು ಅಲ್ಲಿ ನೋಡುತ್ತಾರೆ. ನಂಬರ್ ಇಲ್ಲದೆ ‘ಹಳದಿ ಡ್ರಿಲ್ಲು ಸಾರ್’ ಅಂದರೆ ಠಾಣೆಯ ಕೋಣೆಯಲ್ಲಿ ಐವತ್ತು ಹಳದಿ ಡ್ರಿಲ್ ಇರುತ್ತವೆ.

ಇದರ ಇನ್ನೊಂದು ಮಗ್ಗುಲು ಹೇಳಲೇಬೇಕು. ಭಾನುವಾರದ ಕಾರ್ ಬೂಟ್ ಸಂತೆಯಲ್ಲಿ ಮುನ್ನೂರು ಪೌಂಡಿನ ಡ್ರಿಲ್ ಅರವತ್ತಕ್ಕೆ ಸಿಗುತ್ತದೆ. ನಮ್ಮ ಹುಡುಗರು ಖುಷಿಯಾಗಿ ತರುತ್ತಾರೆ. ಅದು ಇನ್ನೊಬ್ಬ ಹುಡುಗನ ವ್ಯಾನಿನಿಂದ ಬಂದದ್ದು. ಕದ್ದ ಮಾಲು ಅಂತ ಗೊತ್ತಿದ್ದೂ ಕೊಳ್ಳುವುದು 1968ರ ಥೆಫ್ಟ್ ಕಾಯ್ದೆಯ ಪ್ರಕಾರ ಅಪರಾಧ, ಗರಿಷ್ಠ ಶಿಕ್ಷೆ 14 ವರ್ಷ. ವೀಸಾದ ಮೇಲೆ ಇರುವವರಿಗೆ ಶಿಕ್ಷೆ ಜೈಲಿನ ಬಾಗಿಲಲ್ಲೇ ಮುಗಿಯುವುದಿಲ್ಲ.

‘ನೋಡಿದ್ದು ಹೇಳಿದರೆ ಕೆಲಸ ಹೋಗುತ್ತೆ, ನನ್ನ ವೀಸಾ ಕಂಪನಿಯ ಕೈಯಲ್ಲಿದೆ’ ಅಂತ ಹೋದ ವಾರ ಒಬ್ಬರು ನನ್ನ ಹತ್ತಿರ ಹೇಳಿದರು. ಆ ಭಯ ಸುಳ್ಳಲ್ಲ, ನಾನು ಅದನ್ನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಅಂಥವರಿಗೆ ಕ್ರೈಮ್‌ಸ್ಟಾಪರ್ಸ್ ಇದೆ. 1988ರಿಂದ ನಡೆಯುತ್ತಿರುವ ಸ್ವತಂತ್ರ ಸಂಸ್ಥೆ, ಪೊಲೀಸ್ ಇಲಾಖೆಯದ್ದಲ್ಲ. 0800 555 111ಕ್ಕೆ ಮಾಡಿದರೆ ಹೆಸರು ಕೇಳುವುದಿಲ್ಲ, ಯಾವ ಫೋನಿನಿಂದ ಅಂತ ಹುಡುಕುವುದಿಲ್ಲ. ಕಳವು ಕಣ್ಣೆದುರೇ ನಡೆಯುತ್ತಿದ್ದರೆ 999, ನಡೆದು ಹೋಗಿದ್ದರೆ 101. ಒಬ್ಬರೇ ಓಡಿ ಹೋಗಿ ಅಡ್ಡ ನಿಲ್ಲಬೇಡಿ. ಅವರ ಕೈಯಲ್ಲಿ ಸಲಾಕೆ ಇರುತ್ತದೆ.

ಹೊರಗೆ ಕಾಫಿಯ ಪಕ್ಕದ ಮೇಜಿನ ಮೇಲೆ ಎರಡು ಕೆತ್ತುವ ಪೆನ್ನು, ನಾಲ್ಕು ಅಲ್ಟ್ರಾವಯೊಲೆಟ್ ಪೆನ್ನು ಇಟ್ಟಿದ್ದೇನೆ. ವ್ಯಾನ್ ತಂದವರು ನಿಮ್ಮ ಪೆಟ್ಟಿಗೆಯನ್ನು ಅಲ್ಲಿಗೆ ತನ್ನಿ. ಪೋಸ್ಟ್‌ಕೋಡ್ ಮತ್ತು ಮನೆ ನಂಬರ್ ಬರೆಯೋಣ, ಸೀರಿಯಲ್ ನಂಬರಿನ ಫೋಟೊ ತೆಗೆಯೋಣ. ಬೇರೆ ಬೇರೆ ಸೈಟಿನವರು ಅಲ್ಲೇ ಒಬ್ಬರಿಗೊಬ್ಬರು ಫೋನ್ ನಂಬರ್ ಕೊಟ್ಟುಕೊಳ್ಳಿ. ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆಯಂತೆ, ಬಿಸಿಬೇಳೆಬಾತ್ ಇನ್ನೂ ಬಂದಿಲ್ಲ.