ಬೆರಳು ಮಾತು ಕೇಳದಾಗ



ನಮ್ಮ ಕುಂದಗೋಳ ಸೀಮೆಯಲ್ಲಿ ಗಿಟಾರ್ ಹಿಡಿದರೆ ‘ಪೇಟಿ, ತಬಲಾ ಬಿಟ್ಟು ಇದೇನಪಾ?’ ಅನ್ನುತ್ತಾರೆ. ನನ್ನ ತೊಡಕು ಬೇರೆ. ಜೋಳ ಕೊಯ್ಯುವಾಗ ಕುಡುಗೋಲು ತಾಗಿ ಎಡಗೈಯ ಕಿರುಬೆರಳು ಸೆಟೆದು ನಿಂತಿತ್ತು. ಎಫ್ ಕಾರ್ಡಿಗೆ ತೋರುಬೆರಳನ್ನು ಆರೂ ತಂತಿಗೆ ಅಡ್ಡ ಒತ್ತಿ, ಉಳಿದ ಮೂರೂ ಬೆರಳು ಇಡಬೇಕು. ನನಗೆ ದನಿಯೇ ಬರುತ್ತಿರಲಿಲ್ಲ, ಬರೀ ಟಕ್ ಟಕ್.

ಆಗ ಜಾಂಗೋ ರೈನ್‌ಹಾರ್ಟ್ ಬಗ್ಗೆ ಓದಿದೆ. 1928ರ ಬೆಂಕಿಯಲ್ಲಿ ಅವರ ಎಡಗೈಯ ಎರಡು ಬೆರಳು ಸುಟ್ಟವು. ಉಳಿದೆರಡರಲ್ಲೇ ಜಗತ್ತು ಮೆಚ್ಚುವಂತೆ ನುಡಿಸಿದರು. ದೂರವೇಕೆ, ನಮ್ಮ ಸವಾಯಿ ಗಂಧರ್ವರ ಕಂಠವೂ ಮೊದಲು ಬಾಗುತ್ತಿರಲಿಲ್ಲ. ಅಬ್ದುಲ್ ಕರೀಂ ಖಾನರ ಬಳಿ ವರ್ಷಗಟ್ಟಲೆ ಸಾಧನೆ ಮಾಡಿ ಒಲಿಸಿಕೊಂಡರು.

ನಾನು ತೆಳು ತಂತಿ ಹಾಕಿದೆ, ಹುಬ್ಬಳ್ಳಿಯಲ್ಲಿ ತಂತಿಯ ಎತ್ತರ ಇಳಿಸಿಸಿದೆ. ಬೆರಳನ್ನು ಫ್ರೆಟ್ ಪಟ್ಟಿಯ ಹಿಂದೆ, ಅದಕ್ಕೆ ತೀರ ಹತ್ತಿರ ಇಟ್ಟರೆ ಕಡಿಮೆ ಒತ್ತು ಸಾಕು. ಹೆಬ್ಬೆರಳು ಹಿಡಿಯ ಹಿಂದೆ, ನಡುವೆ ಇರಲಿ. ಆರು ತಂತಿಯ ಹಟ ಬಿಟ್ಟು ಕೆಳಗಿನ ನಾಲ್ಕರಲ್ಲೇ ಎಫ್ ಹಿಡಿದೆ; ಅದಕ್ಕೆ ಕಿರುಬೆರಳೇ ಬೇಡ. ನೋವು ಬಂದ ದಿನ ಗಿಟಾರ್ ಗೂಟಕ್ಕೆ.

ಈಗ ಎಂಟನೇ ಇಯತ್ತೆಯ ಮಕ್ಕಳು ಹಾಡುತ್ತಾರೆ, ನಾನು ಜೊತೆಗಿರುತ್ತೇನೆ. ಹಾಡಿನಲ್ಲಿ ಎಫ್ ನಾಲ್ಕು ಸಲ ಬರುತ್ತದೆ, ಕೇಳಿ.